ಮನೆ ಮುಟ್ಟೋ ಮೊದಲು

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಚೀನೀ ಹಲ್ಲಿನ ಡಾಕ್ಟರ ಶಾಪಿನಲ್ಲಿ
ಹನ್ನೊಂದು ವರ್ಷ ಪ್ಲಾಸ್ಟರ್ ಕಲಸಿದೆ.
ಸಂಬಳದ ದಿನ ಲ್ಯೂ ಅಮ್ಮ ಕೇಳುವರು:
'ಎಷ್ಟು ಎತ್ತಿಟ್ಟೆ?'
ಎಷ್ಟು ಬಂತು ಎಂದಲ್ಲ.

ಬಟ್ಟಲು ತೊಳೆದ ನೀರಿಗೂ ಅವರಲ್ಲಿ ಲೆಕ್ಕ.
ಬಿಸ್ಕತ್ತು ಡಬ್ಬಿಯಲ್ಲಿ ಇಸ್ತ್ರಿ ಹಾಕಿದಂಥ ನೋಟು,
ನಾಲ್ಕರ ಕಟ್ಟು ಮಾತ್ರ ಇಲ್ಲ;
ಅವರ ಭಾಷೆಯಲ್ಲಿ ನಾಲ್ಕಕ್ಕೂ ಸಾವಿಗೂ ಒಂದೇ ದನಿಯಂತೆ.

ನನ್ನ ಮದುವೆಗೆ ಕೆಂಪು ಲಕೋಟೆ: ಎಂಟುನೂರು.
'ಮೇಲೊಂದು ರೂಪಾಯಿಗೆ ಬಡತನವಾ?'
ಅವ್ವ ಗೊಣಗಿದಳು,
ಮುಯ್ಯಿ ಪುಸ್ತಕದಲ್ಲಿ ತಾನೇ ಒಂದು ಸೇರಿಸಿ ಬರೆಸಿದಳು.

ಡಾಕ್ಟರು ತೀರಿಕೊಂಡಾಗ
ಏನು ಕೊಡಬೇಕೋ ತಿಳಿಯದೆ
ಕೈರೂಢಿಯಲ್ಲಿ ನೂರಾ ಒಂದು ಕೊಟ್ಟೆ.
'ಸರಿಯಾಗೇ ತಂದಿದೀಯ' ಎಂದರು,
'ಸಾವಿಗೆ ಬೆಸ. ದುಃಖಕ್ಕೆ ಜೋಡಿ ಹುಟ್ಟಬಾರದು.'
ಅಂಗೈಗೆ ಒಂದು ಪೆಪ್ಪರ್‌ಮೆಂಟು, ಒಂದು ನಾಣ್ಯ.
'ಮನೆ ಮುಟ್ಟೋ ಮೊದಲು ಖರ್ಚು ಮಾಡಿಬಿಡು.'

ಖರ್ಚು ಎಂಬ ಮಾತು ಅವರ ಬಾಯಲ್ಲಿ
ಅಳತೆ ತಪ್ಪಿದ ಸೆಟ್ಟಿನ ಹಾಗೆ ಅಲುಗಾಡಿತು.

ಒಂದು ರೂಪಾಯಿಗೆ ಏನು ಸಿಗುತ್ತೆ ಈ ಊರಲ್ಲಿ?
ಸಂತೇಪೇಟೆಯೆಲ್ಲ ಸುತ್ತಿ, ಕೊನೆಗೆ
ಬಸ್ ಸ್ಟ್ಯಾಂಡಿನ ತೂಕದ ಮಷಿನ್ನಿಗೆ ಹಾಕಿದೆ.
ಐವತ್ತೊಂದು ಕೆಜಿ.

ಆ ಚೀಟಿ ಎತ್ತಿಟ್ಟಿದ್ದೇನೆ.