ನಾನು ಕೂತಾಗ ಮಾತ್ರ

ಏಪ್ರಿಲ್ ಮುಗಿಯುತ್ತ ಬಂದರೂ
ಥಂಡರ್ ಬೇ ಬಂದರಿನಲ್ಲಿ ಹಿಮದ ಹಲಗೆಗಳು
ಇನ್ನೂ ಒಂದಕ್ಕೊಂದು ಮೈ ಉಜ್ಜುತ್ತಿವೆ.
ಗ್ಯಾರೇಜಿನ ಬಾಗಿಲು ಅರ್ಧ ಎತ್ತಿ
ತೌನೋ ಹೊದಿಕೆ ಸರಿಸಿದ.
ಎಂಬತ್ನಾಲ್ಕರ ಗೋಲ್ಡ್ ವಿಂಗ್
ಹಿಂಬದಿ ಕುಸಿದು ಕೂತಿತ್ತು,
ಚರ್ಚಿನ ಕೊನೆಯ ಬೆಂಚಿನಲ್ಲಿ ತೂಕಡಿಸುವ ಮುದುಕನ ಹಾಗೆ.
"ಗಾಳಿ ಹೋಗಿದೆ" ಅಂದ.
ಹೋಗಿದ್ದು ನನಗೂ ಕಾಣುತ್ತಿತ್ತು.

ನನ್ನ ಕೆಲಸ ಟಾರ್ಚ್ ಹಿಡಿಯುವುದು.
ನಲವತ್ತೊಂದು ವರ್ಷದಿಂದ ಹಿಡಿದಿದ್ದೇನೆ,
ಒಮ್ಮೆಯೂ ಸರಿಯಾದ ಜಾಗಕ್ಕೆ ಹಿಡಿದಿಲ್ಲ.
"ಅಲ್ಲಲ್ಲ, ಇಲ್ಲಿ."
"ಇಲ್ಲಲ್ಲ, ಅಲ್ಲಿ."

ಸೀಟು ಬಿಚ್ಚಿದ, ಪಕ್ಕದ ಪೆಟ್ಟಿಗೆ ಬಿಚ್ಚಿದ,
ಬೋಲ್ಟುಗಳನ್ನು ಮೊಟ್ಟೆಯ ಟ್ರೇಯಲ್ಲಿ
ಬಿಚ್ಚಿದ ಸಾಲಿನಲ್ಲೇ ಕೂರಿಸಿದ.
ಪಾತ್ರೆ ತೊಳೆಯುವ ಸೋಪಿನ ನೊರೆ ಎಬ್ಬಿಸಿ
ನನ್ನ ಕೇಕಿನ ಬ್ರಷ್ಷಿನಿಂದಲೇ, ಕೇಳದೆ,
ಕಂಪ್ರೆಸರಿನ ಮೂತಿಗೆ, ಕೊಳವೆಯ ಕೀಲುಗಳಿಗೆ,
ಎರಡೂ ಶಾಕ್‌ಗಳ ಕತ್ತಿಗೆ ಬಳಿದ.
ನಲವತ್ತು ಪೌಂಡು ತುಂಬಿದ.
ಕಾದೆವು.
ಒಂದು ಗುಳ್ಳೆಯೂ ಏಳಲಿಲ್ಲ. ಸೂಜಿ
ಕೋರ್ಟಿಗೆ ಸಾಕ್ಷಿ ಹೇಳಲು ಬಂದವನಷ್ಟು ಗಂಭೀರ.

"ಸೋರಿಕೆ ಇಲ್ಲ."
"ಹಾಗಾದರೆ ಹೋದ ಬೇಸಿಗೆ ವಾವಾ ದಾರಿಯಲ್ಲಿ
ಗುಂಡಿಗೊಂದರಂತೆ ನನ್ನ ಬೆನ್ನಿನ ಮಣಿ ಎಣಿಸಿದ್ದು ಯಾರು?"
ಅವನಿಗೆ ಕೇಳಿಸಲಿಲ್ಲ.
ಮೂವತ್ತು ವರ್ಷ ಧಾನ್ಯದ ಎಲಿವೇಟರಿನಲ್ಲಿ
ಬೆಲ್ಟುಗಳ ಕೆಳಗೆ ದುಡಿದ ಕಿವಿ.
ಗೋಧಿ ಹಡಗು ಹತ್ತಿತು,
ಸಣ್ಣ ಸದ್ದುಗಳೂ ಅದರ ಜೊತೆಗೇ ಹೋದವು:
ಕೆಟಲಿನ ಸೀಟಿ, ಚಿಕಡೀ ಹಕ್ಕಿ,
ಬಾಗಿಲ ಹಿಂದೆ ನಿಂತು ನಾನು ಗೊಣಗಿದ್ದು.

ಸೀಟು ಮರಳಿ ಇಟ್ಟ, ಬೋಲ್ಟು ಹಾಕದೆ.
ಹತ್ತಿ ಕೂತೆ. ಸುಮ್ಮನೆ. ಕಾಲು ನೋಯುತ್ತಿತ್ತು.
ಕೂತದ್ದೇ ತಡ
ತೊಡೆಯ ಕೆಳಗೆಲ್ಲೋ ಉಸ್ಸ್.
ಎದ್ದೆ. ನಿಂತಿತು.
ಕೂತೆ. ಉಸ್ಸ್.
ಉಸಿರೋ, ನನಗೇ ಅಂತ ಉಸುರಿದ್ದೋ.

"ತೌನೋ, ನಾನು ಕೂತರೆ ಸೋರುತ್ತೆ."
"ಏನು?"
"ನಾನು! ಕೂತರೆ! ಸೋರುತ್ತೆ!"
ಬೇಲಿಯಾಚೆ ಯ್ವೆಟ್ ಪೆಲ್ಟಿಯರ್
ಬಟ್ಟೆ ಒಣಹಾಕುವುದನ್ನು ನಿಲ್ಲಿಸಿದಳು.

ಅವನಿಗೆ ಕೇಳಿಸದು, ನನಗೆ ಬಗ್ಗಲಾಗದು.
ಮೇಲಿಂದ ನಾನು ಎಡಕ್ಕೆ, ಇನ್ನೂ ಎಡಕ್ಕೆ ಅನ್ನುತ್ತ,
ಕೆಳಗಿಂದ ಅವನು ಬೆರಳು ಸರಿಸುತ್ತ,
ಒಂದು ಕಡೆ ಬೆರಳೂರಿದ, ಸದ್ದು ಸತ್ತಿತು.
ಪೆಟ್ಟಿಗೆಯ ಕಬ್ಬಿಣದ ಪಟ್ಟಿ ತಗುಲುವಲ್ಲಿ
ಕೊಳವೆ ಸವೆದು ಕೂದಲೆಳೆಯ ಬಿರುಕು.
ಭಾರ ಬಿದ್ದರೆ ಬಾಗುತ್ತದೆ,
ಬಾಗಿದರೆ ಬಾಯಿ ಬಿಡುತ್ತದೆ,
ಇಲ್ಲವಾದರೆ ತುಟಿ ಬಿಗಿದು ಕೂತಿರುತ್ತದೆ.
ನಮ್ಮ ಫಿನ್ನಿಶ್ ಗಂಡಸರೇ ಹೀಗೆ ಅಂತ
ಅಮ್ಮ ಮದುವೆಗೆ ಮುಂಚೆಯೇ ಹೇಳಿದ್ದಳು.

ಸವೆದ ಎರಡು ಇಂಚು ಬ್ಲೇಡಿನಲ್ಲಿ ಕತ್ತರಿಸಿ
ಅಂಗೈ ಮೇಲಿಟ್ಟು ನೋಡಿದ.
ಲಾರಿ ಸಾಮಾನಿನ ಅಂಗಡಿಯ ಹೊಸ ನೈಲಾನ್ ತುಂಡು,
ಆ ತುದಿಗೊಂದು ಈ ತುದಿಗೊಂದು ಹಿತ್ತಾಳೆಯ ಕೂಡುನಟ್ಟು.
ಬಿಗಿದು, ಮೇಲೆ ಕಾಲು ಸುತ್ತು.
"ಇಷ್ಟೇ. ಇನ್ನೂ ಬಿಗಿದರೆ ಸೀಳುತ್ತೆ."
ಪಟ್ಟಿ ತಗುಲುವಲ್ಲಿ ತೋಟದ ಹಳೆ ಪೈಪು ಸೀಳಿ
ಅಂಗಿ ತೊಡಿಸಿದ.

ಊಟವಾದ ಮೇಲೆ ಸೂಜಿ ನೋಡಲು ಹೋದವನು
ಕೂಗಿದ: "ಬಾ, ಕೂರು."
ನೈಟಿಯ ಮೇಲೆ ಅವನ ಕೋಟು ಹಾಕಿಕೊಂಡು ಹೋದೆ.
ತಣ್ಣನೆ ಸಿಮೆಂಟಿನ ಮೇಲೆ ಅಂಗಾತ ಮಲಗಿ
ಕೇಳಿಸದ ಕಿವಿಯನ್ನು ಕೊಳವೆಗೆ ಆನಿಸಿದ್ದ.
ಯಾಕೆ ಅಂತ ಕೇಳಲಿಲ್ಲ.
ಮೆಲ್ಲಗೆ ಪೂರ್ತಿ ಭಾರ ಬಿಟ್ಟು ಕೂತೆ.
"ಏನಾದರೂ ಹೇಳುತ್ತಿದೆಯಾ?"
ಉಸಿರು ಹಿಡಿದೆ.
ಬಂದರಿನ ಕಡೆ ಎಲ್ಲೋ ಒಂದು ಹಲಗೆ ಬಿರಿಯಿತು,
ಫ್ರಿಜ್ಜು ಗುಂಯ್ ಅಂದು ನಿಂತಿತು.
ಇಲ್ಲ, ಅಂದೆ.
ತಲೆ ಅಲ್ಲಾಡಿಸಿದ್ದು ಅವನಿಗೆ ಕಾಣಲಿ ಅಂತ
ಟಾರ್ಚನ್ನು ನನ್ನ ಮುಖಕ್ಕೆ
ಹಿಡಿದುಕೊಂಡೆ.