ನಕಲು ಅರ್ಜಿ

ಕೋರ್ಟಿನ ಕಿಯಾಸ್ಕಿನಲ್ಲಿ ಅಜ್ಜಿಯ ಹೆಸರು ಒತ್ತಿದೆ.
ದಾಖಲೆ ಸಿಗಲಿಲ್ಲ ಎಂದಿತು.
ಕಾಗುಣಿತ ಬದಲಿಸಿ ಇನ್ನೊಮ್ಮೆ ಒತ್ತಿದೆ.
'ಅರವತ್ತೇಳರದ್ದು ಅದರಲ್ಲಿ ಎಲ್ಲಿಂದ ಬರಬೇಕು ತಂಗಿ'
ಎಂದರು ನಕಲು ವಿಭಾಗದ ಪೆಡ್ನೇಕರರು
ಚಹಾದ ಲೋಟಕ್ಕೆ ಬಸಿ ಮುಚ್ಚಿಟ್ಟು.
'ದಾವೆ ನಂಬರ್ ಉಂಟೋ?'
ಇರಲಿಲ್ಲ.
ನನ್ನ ಹತ್ತಿರ ಇದ್ದದ್ದು ಒಂದು ಅಡ್ಡಹೆಸರು:
ಐವತ್ರುಪಾಯಿ.

ಸದಾಶಿವಗಡದ ನಮ್ಮ ಕೇರಿಯಲ್ಲಿ
ಅವಳನ್ನು ಹಾಗೇ ಕರೆಯುತ್ತಿದ್ದರಂತೆ, ಬೆನ್ನ ಹಿಂದೆ.
ಮೀನು ಒಣಗಿಸುವ ಜಾಗಕ್ಕೆ ಕೇಸು ಹಾಕಿದವಳು
ಎದುರು ಪಾರ್ಟಿಯಿಂದ ಐವತ್ತು ಇಸಕೊಂಡು
ತಾರೀಖಿನ ದಿನ ಮನೆಯಲ್ಲೇ ಕೂತಳಂತೆ.
ನಾನು ಶಾಲೆಗೆ ಹೋಗುವಾಗಲೂ ಯಾರೋ ಅಂದಿದ್ದರು,
'ಐವತ್ತರ ಮೊಮ್ಮಗಳು.'

ಫಾರಂ ತುಂಬಿದೆ.
ಪಕ್ಷಕಾರರೊಂದಿಗೆ ಸಂಬಂಧ: ಮೊಮ್ಮಗಳು.
ನಕಲು ಬೇಕಾದ ಕಾರಣ: ಓದಲಿಕ್ಕೆ.
'ಓದಲಿಕ್ಕೆ ಅಂತ ಯಾರೂ ಬರೆಯುವುದಿಲ್ಲ,
ಹಾಜರುಪಡಿಸಲಿಕ್ಕೆ ಅಂತ ಬರೆಯಿರಿ.'
'ಯಾರ ಮುಂದೆ?'
'ಅದನ್ನು ಫಾರಂ ಕೇಳುವುದಿಲ್ಲ.'

ಸ್ಟಾಂಪು ಹಚ್ಚಿದೆ. ಮೂರು ಸಲ ಬಂದು ಹೋದೆ.
ಒಂದು ಸಲ ಕೀಲಿಕೈ ಇದ್ದವರು ರಜೆ,
ಒಂದು ಸಲ ಕರೆಂಟಿಲ್ಲ.
ನಾಲ್ಕನೆಯ ಸಲ ಪೆಡ್ನೇಕರರು ಹಳೆಯ ದಾವೆಗಳ ರಿಜಿಸ್ಟರನ್ನು
ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ ತಂದರು.
ಬೆರಳು ಇಳಿಯಿತು, ಇಳಿಯಿತು, ನಿಂತಿತು.
ಆಮೇಲೆ ಬಸ್ತಾ ಬಂತು. ಉಪ್ಪುಗಾಳಿಗೆ ಕರಗಿದ ಗುಂಡುಸೂಜಿ
ಕಾಗದದಲ್ಲಿ ಕಂದು ಗಾಯವಾಗಿ ಉಳಿದಿತ್ತು.

ಗುಣವಂತಿ ಕೋಂ ಪುರ್ಸೊ ತಾಂಡೇಲ.
ವಯ ಮೂವತ್ತೊಂದು. ಉದ್ಯೋಗ ಮೀನು ಮಾರುವುದು.
ನನಗಿಂತ ಎರಡು ವರ್ಷ ಚಿಕ್ಕವಳು.

ರೋಜನಾಮೆ, ಹನ್ನೊಂದನೇ ಜುಲೈ:
ಕೂಗಿಸಲಾಯಿತು. ವಾದಿ ಗೈರುಹಾಜರು. ದಾವೆ ವಜಾ.
ಊರಿಗೆ ತಲುಪಿದ್ದು ಇಷ್ಟೇ.
ಪುಟ ಮಗುಚಿದರೆ ಅದೇ ತಾರೀಖು, ಬೇರೆ ಮಸಿ:
ವಾದಿ ಮೂರೂವರೆಗೆ ಬಂದು ಹಾಜರಿದ್ದೇನೆ ಎಂದಳು.
ಕಾಳಿ ನದಿಯ ತಾರಿ ನಿಂತಿತ್ತು ಎನ್ನುತ್ತಾಳೆ.
ಸೀರೆ ಒದ್ದೆ ಇದೆ.

ಸೀರೆಯ ಮಾತು ಯಾಕೆ ಬರೆದನೋ ಆ ಗುಮಾಸ್ತ,
ಕಾನೂನಿಗೆ ಅದು ಬೇಕಿರಲಿಲ್ಲ.

ಮರುದಿನದ್ದು ಅವಳ ಅರ್ಜಿ. ದಾವೆ ಮತ್ತೆ ತೆಗೆದುಕೊಳ್ಳಿ.
ಎಡಗೈ ಹೆಬ್ಬೆಟ್ಟು, ಸ್ವಲ್ಪ ಜಾರಿದೆ.
ಕೆಳಗೆ ಆದೇಶ: ತಾರಿ ನಿಂತದ್ದಕ್ಕೆ ಸಾಕ್ಷಿ ಇಲ್ಲ. ತಿರಸ್ಕೃತ.

ಬಸ್ಸು ಸೇತುವೆ ದಾಟುವಾಗ
ಲಕೋಟೆಯನ್ನು ಸೆರಗಿನೊಳಗೆ ಹಿಡಿದಿದ್ದೆ,
ಬಿಸಿಲಿದ್ದರೂ.

ಶಾಂಬಾ ಚಿಕ್ಕಜ್ಜನ ಮುಂದೆ ಹಾಜರುಪಡಿಸಿದೆ:
ನಾಲ್ಕು ಪುಟ, ನೇರಳೆ ಮೊಹರು.
ಆ ಅಡ್ಡಹೆಸರು ಮೊದಲು ಅವರ ಬಾಯಲ್ಲೇ ಹುಟ್ಟಿದ್ದು
ಎಂದು ಅಮ್ಮ ಹೇಳುತ್ತಿದ್ದಳು.
ಓದಿ ಹೇಳು ಎಂದರು. ಓದಿದೆ.
ಬಲೆ ಹೊಲಿಯುವ ಕೈ ನಿಲ್ಲಲಿಲ್ಲ.
'ತಾರಿಗೆ ಆಗ ಎಷ್ಟಿತ್ತು, ಅದನ್ನು ಬರೆದಿಲ್ಲವೋ?'
ಇಲ್ಲ ಎಂದೆ.
'ಹತ್ತು ಪೈಸೆ.'
ಗಂಟು ಬಿಗಿದು, ಹಲ್ಲಿನಲ್ಲಿ ನೂಲು ಕಡಿದು,
'ನಿಂತಿದ್ದು ಖರೆ' ಎಂದರು,
'ನಾನೂ ದಡದಲ್ಲೇ ಇದ್ದೆ.'

ಒಳಗಿನಿಂದ ಯಾರೋ ಊಟಕ್ಕೆ ಕೂಗಿದರು.
ಇನ್ನೊಮ್ಮೆ ಕೂಗಿದರು.
ಅವರು ಏಳಲಿಲ್ಲ.