ಏಪ್ರಿಲ್ಲಿನ ಲೆಕ್ಕ

ಅಪ್ಪನ ಸೈಕಲ್ಲಿಗೆ ನಡುವೆ ದಂಡ, ನನಗೆ ಒಂಬತ್ತು.
ದಂಡದ ಕೆಳಗೆ ಕಾಲು ತೂರಿಸಿ,
ಅರ್ಧ ಪೆಡಲಿನಲ್ಲಿ, ವಾಲಿದ ಏಡಿಯ ಹಾಗೆ
ಜೌಗಿನಂಚಿನ ಮಣ್ಣುದಾರಿಗೆ ಬಿದ್ದೆ.
ಹಿಂದಕ್ಕೆ ತುಳಿದರೆ ನಿಲ್ಲುತ್ತದೆಂದು
ಯಾರೂ ಹೇಳಿರಲಿಲ್ಲ.
ನಿಲ್ಲಿಸಿದ್ದು ಲೈನೆ ಮುದುಕಿಯ ಬೇಲಿ.
ಮೊಣಕಾಲಿನಲ್ಲಿ ಆ ಗಾಯ ಈಗಲೂ ಇದೆ,
ಮಳೆಯ ಸುದ್ದಿ ಮೊದಲು ಅದಕ್ಕೇ ಗೊತ್ತಾಗುವುದು.

ಎಸ್ಟೋನಿಯಾದ ಭೂಪಟದಲ್ಲಿ ನಮ್ಮ ದಾರಿ
ಬಿದ್ದ ಒಂದು ಕೂದಲು.
ಆ ಕೂದಲೆಳೆಯ ಮೇಲೆ ಮೂವತ್ತೊಂದು ವರ್ಷ
ಅಂಚೆ ಹಂಚಿದೆ.
ರೀಗಾದಲ್ಲಿ ಹುಟ್ಟಿದ ಹಸಿರು ಸೈಕಲ್ಲು,
ಹ್ಯಾಂಡಲಿಗೆ ಚರ್ಮದ ಚೀಲ:
ಪಿಂಚಣಿ, ಪತ್ರಿಕೆ, ಸೈನ್ಯದಿಂದ ಮಗ ಬರೆದ ಎರಡೇ ಸಾಲು,
ಒಮ್ಮೊಮ್ಮೆ ಸೋರುವ ಜೇನಿನ ಡಬ್ಬಿ.
"ಕಾಗದ ಹಗುರವಲ್ಲ ಹೆಲ್ವಿ," ಎನ್ನುತ್ತಿದ್ದ ಆರ್ವೆಡ್,
ತಕ್ಕಡಿ ನೋಡಿ ಹೇಳಿದ್ದೋ, ನನ್ನ ಮುಖ ನೋಡಿಯೋ.

ಕಾರಿನ ಕಿಟಕಿಗೆ ಕಾಣದ್ದು
ಸೈಕಲ್ಲಿಗೆ ವಾಸನೆಯಾಗಿ ಬರುತ್ತದೆ.
ಯಂತ್ರಗಳು ಬಂದು ಜೌಗಿಗೆ ಕಾಲುವೆ ಕೊರೆದ ವರ್ಷ
ಮೊದಲು ಬದಲಾದದ್ದು ಗಾಳಿ.
ಸಾವಿರಾರು ವರ್ಷ ನೀರು ಕುಡಿದು ಮಲಗಿದ್ದ ಪಾಚಿಮಣ್ಣು
ಒಣಗಿ, ಧೂಳೆದ್ದು, ನನ್ನ ಹಲ್ಲಿಗೆ ಹತ್ತಿತು.
ಆಮೇಲೆ ಕೊಕ್ಕರೆಗಳು ವಿಳಾಸ ಬದಲಿಸಿದವು.
ನನಗೂ ಹೇಳಲಿಲ್ಲ,
ಇಡೀ ಊರಿನ ವಿಳಾಸ ಬಾಯಿಪಾಠ ಇದ್ದವಳಿಗೆ!

ಪರಿಸರ ಅನ್ನುವ ಮಾತು ಆಗ ನನ್ನ ಬಾಯಲ್ಲಿರಲಿಲ್ಲ.
ಇದ್ದದ್ದು, ದಾರಿಗೆ ಟಾರು ಬಿದ್ದ ಏಪ್ರಿಲ್ಲಿನ ಒಂದು ರಾತ್ರಿ
ಟೈರಿನಡಿಯಲ್ಲಿ
ಮೆತ್ತಗೆ ಒಂದು ಶಬ್ದ.

ಇಳಿದು ದೀಪ ಹಿಡಿದೆ.
ದಾರಿಯುದ್ದಕ್ಕೂ ನೆಲಗಪ್ಪೆಗಳು,
ಕಾಡಿನಿಂದ ಹೊಂಡಕ್ಕೆ,
ಅಜ್ಜಿಯರ ಅಜ್ಜಿಯರು ನಡೆದ ಜಾಡಿನಲ್ಲಿ,
ಗಂಡು ಹೆಣ್ಣಿನ ಬೆನ್ನೇರಿ ಡಬಲ್ ಸವಾರಿ.
(ಯಾನಿ ಹಬ್ಬದ ಬೆಂಕಿಯಿಂದ ಕುಡಿದ ಎಂಡೆಲ್‌ನನ್ನು
ಕ್ಯಾರಿಯರಿನಲ್ಲಿ ಕೂರಿಸಿ ತಂದವಳು ನಾನೇ.
ಅವನು ಹಾಡಿದ, ನಾನು ತುಳಿದೆ.
ಮದುವೆಯಲ್ಲೂ ಹೆಚ್ಚು ಕಡಿಮೆ ಹಾಗೆಯೇ.)

ಮರುರಾತ್ರಿ ಹ್ಯಾಂಡಲಿಗೆ ಬಕೆಟ್ಟು ತೂಗಿಸಿದೆ.
ಲೆಕ್ಕಕ್ಕೆ ಅಂಚೆಯ ಹಳೇ ಪುಸ್ತಕ, ಮೂರು ಅಂಕಣ:
ಬಂದದ್ದು.
ತಲುಪಿಸಿದ್ದು.
ವಿಳಾಸದಾರರು ಸಿಗಲಿಲ್ಲ.
ಮೂರನೆಯದರಲ್ಲಿ ಮೊದಲ ಗೀಟು
ನನ್ನ ಚಕ್ರದ್ದು.

ಒಂದು ವರ್ಷ ಮರದ ಲಾರಿಯೊಂದು ಕೀರಲಿ ನಿಂತಿತು.
ಗೆನ್ನಾದಿ ಅಂತೆ, ರಷ್ಯನ್ನಿನಲ್ಲಿ ಬೈದ,
ಆಮೇಲೆ ಎಸ್ಟೋನಿಯನ್ನಿನಲ್ಲಿ, ನನಗೆ ತಿಳಿಯಲೆಂದು.
"ಇನ್ನೆಷ್ಟು ಹೊತ್ತು?"
"ಅವು ಗಡಿಯಾರ ಕಟ್ಟಿಲ್ಲ."
ಎಂಜಿನ್ನು ಆರಿಸಿದ. ಕತ್ತಲೆಗೆ ಕಿವಿ ಬಂತು.
ಸಿಗರೇಟು ಮುಗಿಯುವಷ್ಟರಲ್ಲಿ ನನ್ನ ಪುಸ್ತಕಕ್ಕೆ ಬಗ್ಗಿ,
"ಹಿಂದೆ ಎರಡು ಸತ್ತಿರಬೇಕು," ಎಂದ,
"ನನ್ನ ಹೆಸರಲ್ಲಿ ಬರಕೊ."
ಬರೆದೆ. ಮತ್ತೆ ಅವನು ಆ ದಾರಿಗೆ ಬರಲಿಲ್ಲ,
ಅಥವಾ ಬಂದಾಗ ನಾನಿರಲಿಲ್ಲ.

ಈಗ ಕಾಲುವೆಗೆ ಹಲಗೆಯ ಅಡ್ಡಗಟ್ಟೆ ಹೊಡೆದಿದ್ದಾರೆ,
ತೋಡಿದವರ ಮಕ್ಕಳೇ.
ನೀರು ನಾಚಿಕೊಂಡು ಮರಳುತ್ತಿದೆ.
ಕೊಕ್ಕರೆ ಒಂದು ಬಂದು, ನೋಡಿ, ಹೋಯಿತು.

ಸೈಕಲ್ಲು ಬಿಡಿ ಎಂದರು ತಾರ್ತುವಿನ ಡಾಕ್ಟರು,
ಮೊಣಕಾಲಿನ ಫೋಟೋವನ್ನು ಬೆಳಕಿಗೆ ಹಿಡಿದು.
ಬಿಟ್ಟಿಲ್ಲ; ಹತ್ತುವುದಿಲ್ಲ, ಅಷ್ಟೆ.
ಊರುಗೋಲಿಗಿಂತ ಒಳ್ಳೆಯದು, ತಾನೂ ಜತೆಗೆ ನಡೆಯುತ್ತದೆ,
ಮಡ್‌ಗಾರ್ಡು ಗೊಣಗುತ್ತ, ಬಕೆಟ್ಟು ತೂಗುತ್ತ.

ಏಪ್ರಿಲ್ ಹದಿನೇಳು. ಜಿಟಿಜಿಟಿ. ಆರು ಡಿಗ್ರಿ.
ಬಂದದ್ದು ಇನ್ನೂರ ಹನ್ನೆರಡು.
ತಲುಪಿಸಿದ್ದು ಇನ್ನೂರ ಹನ್ನೊಂದು.
ಒಂದು ಇನ್ನೂ ಬಕೆಟ್ಟಿನ ತಳದಲ್ಲಿ ಕೂತಿದೆ,
ಹೊಂಡದ ದಡಕ್ಕೆ ವಾಲಿಸಿದರೂ ಇಳಿಯಲೊಲ್ಲದು.
ಅದಕ್ಕೇನೂ ಅವಸರವಿಲ್ಲ.
ನನಗೂ.